ಒಲ್ಲಪ್ಪನ ಅವ್ವ ಉಪವಾಸ ಕೂತದ್ದು

ನಮ್ಮೂರಿನ ಬಾವಿಗೆ ನೀರು ಬರಬೇಕಾದರೆ ಊರೆಲ್ಲ ಪ್ರಾರ್ಥನೆ ಮಾಡಬೇಕು, ಒಬ್ಬನಾದರೂ ಮಾಡದಿರಬೇಕು. ಏಳು ವರ್ಷದಿಂದ ಆ ಒಬ್ಬ ನಾನು.

ಸಂಜೆ ಆರಕ್ಕೆ ಗುಡಿಯ ಗಂಟೆ, ಮಸೀದಿಯ ಬಾಂಗು, ಇಗರ್ಜಿಯ ಗಂಟೆ ಒಂದರ ಬೆನ್ನಿಗೊಂದು ಹೊರಡುತ್ತವೆ. ಜನ ಇದ್ದಲ್ಲೇ ಕಣ್ಣು ಮುಚ್ಚುತ್ತಾರೆ. ಕಟಿಂಗ್ ಶಾಪಿನವನು ಅರ್ಧ ಬೋಳಿಸಿದ ಗಡ್ಡದ ಮೇಲೆ ಕತ್ತಿ ನಿಲ್ಲಿಸಿ ಕಣ್ಣು ಮುಚ್ಚುತ್ತಾನೆ, ಕತ್ತಿಯ ಕೆಳಗಿನವನು ಅವನಿಗಿಂತ ಜೋರಾಗಿ ದೇವರನ್ನು ನೆನೆಯುತ್ತಾನೆ. ನಾನು ಬಾವಿಯ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ತಿನ್ನುತ್ತೇನೆ. ಕಾಲು ಗಂಟೆಯಲ್ಲಿ ತಳದ ಬಂಡೆ ಸೀಳಿನಿಂದ ನೀರು ಗುಳುಗುಳು ಎದ್ದು, ಮೆಟ್ಟಿಲು ಮೆಟ್ಟಿಲು ಹತ್ತಿ, ನನ್ನ ಕಾಲಿನ ಹತ್ತಿರ ನಿಲ್ಲುತ್ತದೆ. ಕೊಡಗಳ ಸದ್ದು ಶುರುವಾಗುತ್ತದೆ. ಎಲ್ಲರೂ ತುಂಬಿಕೊಂಡ ಮೇಲೆ ಬಂದ ದಾರಿಯಲ್ಲೇ ಇಳಿದುಹೋಗುತ್ತದೆ.

ಯಾಕೆ ಬರುತ್ತದೆ ಅಂತ ನನ್ನನ್ನು ಕೇಳಬೇಡಿ. ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆಲ್ಲ ಒಂದು ಹೆಸರಿಟ್ಟು, ಬಣ್ಣ ಬಳಿದು, ಅದರ ಮುಂದೆ ಬಗ್ಗಿ ನಿಲ್ಲುವುದು ನನ್ನಿಂದ ಆಗುವುದಿಲ್ಲ, ಅಷ್ಟೆ. ಬೇರೆ ಊರಿನಲ್ಲಾಗಿದ್ದರೆ ಇದಕ್ಕೆ ಒದೆ ತಿನ್ನುತ್ತಿದ್ದೆ. ನಮ್ಮೂರಿನಲ್ಲಿ ಇದು ಹುದ್ದೆ. ಹೆಸರು ಒಲ್ಲಪ್ಪ.

ಈ ಕೆಲಸ ಭಕ್ತರ ಕೈಲಿ ಆಗುವಂಥದ್ದಲ್ಲ. ಹಿಂದೆ ಒಮ್ಮೆ ಒಬ್ಬ ಭಕ್ತನನ್ನೇ ಮೆಟ್ಟಿಲ ಮೇಲೆ ಕೂರಿಸಿ, ಕಾಲು ಗಂಟೆ ದೇವರನ್ನು ನೆನೆಯಬೇಡ ಅಂದರಂತೆ. ಅವನು ‘ದೇವರೇ, ಕಾಲು ಗಂಟೆ ನಿನ್ನ ನೆನಪಾಗದ ಹಾಗೆ ಮಾಡಪ್ಪಾ’ ಅಂತ ಬೇಡಿಕೊಂಡನಂತೆ. ನೀರು ಬರಲಿಲ್ಲ. ಇನ್ನೊಮ್ಮೆ ದೂರದ ಊರಿನಿಂದ ವಿಚಾರವಾದಿಗಳೊಬ್ಬರನ್ನು ಹಾರ ಹಾಕಿ ಕರೆತಂದರು. ಮೊದಲ ಸಂಜೆ ನೀರು ಮೇಲೇಳುವುದನ್ನು ನೋಡಿದ್ದೇ ತಡ, ಅವರು ಮೆಟ್ಟಿಲ ಮೇಲೇ ಅಡ್ಡಬಿದ್ದರು. ಎರಡನೇ ಸಂಜೆ ಬಾವಿ ಒಣಗಿತು. ಆಮೇಲೆ ಅವರು ತಮ್ಮ ಊರಿನಲ್ಲಿ ಒಂದು ಮಠ ತೆರೆದರು ಅಂತ ಕೇಳಿದ್ದೇನೆ. ಹಸುಗೂಸುಗಳು, ನಿದ್ದೆ ಹೋದವರು ಲೆಕ್ಕಕ್ಕೆ ಬರುವುದಿಲ್ಲ. ಎಚ್ಚರವಿದ್ದು, ಬುದ್ಧಿ ನೆಟ್ಟಗಿದ್ದು, ಒಲ್ಲೆ ಅನ್ನುವವನು ಬೇಕು.

ನನಗಿಂತ ಮುಂಚೆ ಇದ್ದ ಒಲ್ಲಪ್ಪ ನಲವತ್ತು ವರ್ಷ ಮೆಟ್ಟಿಲ ಮೇಲೆ ಕೂತವನು. ಸಾಯುವಾಗ ಗಂಟಲು ಒಣಗಿ, ‘ದೇವರೇ, ಒಂದು ಗುಟುಕು ನೀರು’ ಅಂದುಬಿಟ್ಟ. ಆ ಸಂಜೆಯಿಂದ ಊರಿಗೆ ಹನ್ನೊಂದು ದಿನ ನೀರಿಲ್ಲ. ಜನ ಹೆದರಿ ಇನ್ನೂ ಗಟ್ಟಿಯಾಗಿ ಪ್ರಾರ್ಥಿಸಿದರು, ಬಾವಿ ಇನ್ನೂ ಗಟ್ಟಿಯಾಗಿ ಒಣಗಿತು. ಹನ್ನೆರಡನೇ ದಿನ ನಾನು ಪರೀಕ್ಷೆ ಮುಗಿಸಿ ಹಾಸ್ಟೆಲಿನಿಂದ ಟ್ರಂಕು ಹೊತ್ತು ಬಸ್ಸಿಳಿದೆ. ಮೂರು ವರ್ಷ ಹಾಸ್ಟೆಲ್ ಲೈಬ್ರರಿಯ ಪುಸ್ತಕಗಳನ್ನು ಗೆದ್ದಲಿಗಿಂತ ಮುಂಚೆ ನಾನು ತಿಂದಿದ್ದೆ. ಗಂಟೆ ಬಾರಿಸಿತು, ಎಲ್ಲರೂ ಕಣ್ಣು ಮುಚ್ಚಿದರು, ನಾನು ರಿಕ್ಷಾ ಸಿಗುತ್ತದೇನೋ ಅಂತ ಅತ್ತಿತ್ತ ನೋಡುತ್ತಿದ್ದೆ. ನೀರು ಬಂತು. ಊರಿಗೆ ಊರೇ ತಿರುಗಿ ನನ್ನನ್ನು ನೋಡಿತು.

ಮಾರನೇ ದಿನ ಬಾವಿ ಕಮಿಟಿಯವರು ಸಂದರ್ಶನಕ್ಕೆ ಕರೆದರು. ಗುಡಿಯ ಪೂಜಾರಿ ಶರಬಣ್ಣ ಅಧ್ಯಕ್ಷ. ಮೌಲ್ವಿ ಸಾಹೇಬರು, ಫಾದರ್ ಇನಾಸಪ್ಪ ಸದಸ್ಯರು. ಈ ಮೂವರೂ ಒಂದೇ ಬೆಂಚಿನ ಮೇಲೆ ಕೂರುವುದು ನಾಸ್ತಿಕನನ್ನು ಆರಿಸುವಾಗ ಮಾತ್ರ.

“ಕಾಲಿನ ಹತ್ರ ಹಾವು ಬಂದರೆ ಬಾಯಲ್ಲಿ ಏನು ಬರ್ತೈತಿ?” ಅಂತ ಶರಬಣ್ಣ ಕೇಳಿದರು.

“ಕೋಲು ಎಲ್ಲಿ ಅಂತೀನಿ.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಣ್ಣೊರೆಸಿಕೊಂಡರು.

ಅಲ್ಲಿಂದ ನನ್ನ ಗ್ರಹಚಾರ ಶುರು. ನಂಬದವನನ್ನು ಹೇಗೆ ಇಟ್ಟುಕೊಳ್ಳಬೇಕು ಅಂತ ಭಕ್ತರಿಗೆ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಒಂದೇ, ಪೂಜೆ. ನಾನು ಕೂರುವ ಮೆಟ್ಟಿಲಿಗೆ ಸುಣ್ಣ ಕೆಮ್ಮಣ್ಣು ಬಳಿದರು. ಮದುವೆಯ ಮೊದಲ ಕರೆಯೋಲೆ ನನಗೆ ಕೊಡುತ್ತಾರೆ, ನಾನು ‘ಒಲ್ಲೆ’ ಅನ್ನಬೇಕು, ಅಂದರೆ ಶುಭ. ಹೆಂಗಸರು ಕೂಸುಗಳನ್ನು ತಂದು ನನ್ನ ಕಾಲಿಗೆ ಹಾಕುತ್ತಾರೆ. “ನೋಡ್ರೀ, ನನ್ನಲ್ಲಿ ಏನೂ ಇಲ್ಲ, ನಾನು ಇದನ್ನೆಲ್ಲ ನಂಬೋದಿಲ್ಲ” ಅಂದರೆ, “ಹೌದು ಒಲ್ಲಪ್ಪನೋರೆ, ಅಷ್ಟೇ ಅಂದ್ರಿ ಸಾಕು, ನಮ್ಮ ಕೂಸು ಬದುಕ್ತು” ಅಂತ ಕಣ್ಣಿಗೊತ್ತಿಕೊಂಡು ಹೋಗುತ್ತಾರೆ. ಬೈದರೆ ಪ್ರಸಾದ ಅನ್ನುತ್ತಾರೆ. ಒಮ್ಮೆ ಜ್ವರ ಬಂದು ನಾನು ಬಡಬಡಿಸತೊಡಗಿದಾಗ, ಎಲ್ಲಿ ದೇವರ ಹೆಸರು ಹೇಳಿಬಿಡುತ್ತೇನೋ ಅಂತ ಕಮಿಟಿಯವರು ಬಾಯಿಗೆ ಬಟ್ಟೆ ತುರುಕಿದ್ದರು. ಇಂಥ ಜನದ ಬಗ್ಗೆ ನನಗೆ ಏನು ಗೌರವ ಇರಬೇಕು ಹೇಳಿ. ಅವರ ನಡುವೆ ನಾನು ಜೋಳದ ಹೊಲದ ಬೆರ್ಚಪ್ಪನ ಹಾಗೆ ನಿಂತಿದ್ದೆ, ಅಂಗಿ ಮಾತ್ರ ರೇಷ್ಮೆಯದು.

ಊರಿನಲ್ಲಿ ನನ್ನ ಕಾಲಿಗೆ ಬೀಳದವಳು ಒಬ್ಬಳೇ, ನಮ್ಮವ್ವ ಹಾಲವ್ವ. ಅವಳದು ಮಂಡಕ್ಕಿ ಭಟ್ಟಿ. ಕಾದ ಮರಳಿನ ಮುಂದೆ ನಲವತ್ತು ವರ್ಷ ಕೂತು ಅವಳ ಮುಖವೂ ಹುರಿದ ಬಣ್ಣಕ್ಕೆ ಬಂದಿದೆ, ಮಾತೂ ಹಾಗೇ ಸಿಡಿಯುತ್ತದೆ. ಮೂರು ಹೊತ್ತು ದೇವರು. ಒಲೆ ಹೊತ್ತಿಸುವಾಗ, ಮರಳು ಹಾಕುವಾಗ, ಆರಿಸುವಾಗ. ನನಗೆ ಕರಿಸಿದ್ದ ಅಂತ ದೇವರ ಹೆಸರು ಹುಡುಕಿ ಇಟ್ಟವಳೂ ಅವಳೇ. “ಊರಿಗೆ ನೀರು ಕುಡಿಸಿ ನೀನು ನರಕಕ್ಕೆ ಹೋಗ್ತೀಯಲ್ಲೋ” ಅಂತ ದಿನಕ್ಕೊಮ್ಮೆ ಬೈಯುತ್ತಿದ್ದಳು. ನಾನು “ಅಲ್ಲಿ ಭಟ್ಟಿಗೆ ಸೌದೆ ಖರ್ಚಿಲ್ಲ ಬಿಡವ್ವ” ಅನ್ನುತ್ತಿದ್ದೆ. ಹೀಗೇ ನಡೆದಿತ್ತು.

ಒಂದು ಸೋಮವಾರ ಅವಳು ಮರಳು ತರಲು ಕ್ವಾರಿ ಕಡೆ ಹೋದಳು. ಹಳೇ ಒಲ್ಲಪ್ಪನನ್ನು ಹಾಕಿದ್ದು ಅಲ್ಲೇ, ಹಾಳು ಸುಣ್ಣದ ಗುಂಡಿಯಲ್ಲಿ. ಅವನು ಸಾಯುವಾಗ ಬರೀ ‘ದೇವರೇ’ ಅಂದಿದ್ದ, ಯಾವ ದೇವರು ಅಂತ ಹೇಳಿರಲಿಲ್ಲ. ಹಾಗಾಗಿ ಗುಡಿಯವರು ನಮ್ಮ ರುದ್ರಭೂಮಿಗೆ ಬೇಡ ಅಂದರು, ಮಸೀದಿಯವರು ನಮ್ಮ ಖಬರಸ್ತಾನಕ್ಕೆ ಬೇಡ ಅಂದರು, ಇಗರ್ಜಿಯವರು ಬೇಲಿಯ ಗೇಟಿಗೆ ಬೀಗ ಹಾಕಿದರು. ಈ ಕಥೆ ಊರಿಗೆಲ್ಲ ಗೊತ್ತಿತ್ತು. ಅವ್ವನಿಗೂ ಗೊತ್ತಿತ್ತು. ಆದರೆ ಆವತ್ತು ಅವಳ ಕಣ್ಣಿಗೆ ಬಿದ್ದದ್ದು ಗುಂಡಿ ಕೆದರುತ್ತಿದ್ದ ಎರಡು ಹಂದಿ.

ಮರಳಿಲ್ಲದೆ ವಾಪಸು ಬಂದಳು. ಭಟ್ಟಿ ಹೊತ್ತಿಸಲಿಲ್ಲ. ನಾನು ಉಣ್ಣಲು ಕೂತರೆ ತಟ್ಟೆ ಮುಂದಿಟ್ಟು ಹೇಳಿದಳು:

“ಲೇ ಕರಿಸಿದ್ದ, ನಾಳೆಯಿಂದ ನಾನು ಉಣ್ಣಂಗಿಲ್ಲ.”

“ಯಾವ ವ್ರತ ಇದು?”

“ನಿನ್ನ ವ್ರತ. ನೀನು ಒಂದು ಸಲ, ಒಂದೇ ಒಂದು ಸಲ, ಮನಸಿಟ್ಟು ದೇವರನ್ನ ಕೇಳ್ಕೋಬೇಕು. ಯಾವ ದೇವರಾದ್ರೂ ಆಗ್ಲಿ. ಆವತ್ತು ಉಣ್ತೀನಿ.”

“ಈಗಲೇ ಕೇಳ್ಕೊಂಡೆ. ಉಣ್ಣು.”

“ಬಾಯಿ ಮಾತಲ್ಲ. ಸಂಜೆ ಬಾಂಗಿನ ಹೊತ್ತಿಗೆ ಕೇಳ್ಕೋ. ನೀರು ನಿಲ್ತೈತಲ್ಲ, ಆಗ ನಂಬ್ತೀನಿ.”

ಬೇರೆ ಊರಿನ ಮಕ್ಕಳು ತಾಯಂದಿರ ಮುಂದೆ ಕೈಮುಗಿದು ಕಣ್ಣು ಮುಚ್ಚಿ ಮೋಸ ಮಾಡಬಹುದು. ನಮ್ಮೂರಿನಲ್ಲಿ ಬಾವಿ ಇದೆ.

ಅವ್ವನಿಗೆ ಸಕ್ಕರೆ ಕಾಯಿಲೆ. ಗುಳಿಗೆ ತೆಗೆದುಕೊಂಡು ಊಟ ಬಿಟ್ಟರೂ ಬೀಳುತ್ತಾಳೆ, ಗುಳಿಗೆ ಬಿಟ್ಟರೂ ಬೀಳುತ್ತಾಳೆ, ನಾಲ್ಕು ದಿನ ದಾಟಿದರೆ ನನ್ನ ಹತ್ತಿರ ತರಬೇಡಿ ಅಂತ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು.

ಮಂಗಳವಾರ ಸಂಜೆ ನಾನು ಮೆಟ್ಟಿಲಿಗೆ ಹೋಗದೆ ಮನೆಯಲ್ಲೇ ಅವಳ ಎದುರು ಕೂತೆ. ಗಂಟೆ ಬಾರಿಸಿತು. ಕಣ್ಣು ಮುಚ್ಚಿ, ಕೈ ಜೋಡಿಸಿ, ನನಗೆ ಗೊತ್ತಿದ್ದ ಅಷ್ಟೂ ದೇವರ ಹೆಸರು ಹೇಳಿದೆ, ಹಾಸ್ಟೆಲಿನಲ್ಲಿ ಹಾಜರಿ ಕೂಗುತ್ತಿದ್ದ ಹಾಗೆ. ಸ್ವಲ್ಪ ಹೊತ್ತಿಗೆ ಓಣಿಯಲ್ಲಿ ಕೊಡಗಳ ಸದ್ದು.

“ಸುಳ್ಳ,” ಅಂದಳು ಅವ್ವ, ಗೋಡೆ ಕಡೆ ತಿರುಗಿ ಮಲಗಿದಳು.

ಸುದ್ದಿ ಊರಿಗೆ ಗೊತ್ತಾಗಲು ಅಷ್ಟು ಸಾಕಾಯಿತು. ಬುಧವಾರ ಬೆಳಿಗ್ಗೆ ಬಾಗಿಲಲ್ಲಿ ಹೆಂಗಸರ ಸಂತೆ. ಅವ್ವನ ಜೊತೆ ಭಟ್ಟಿಯಲ್ಲಿ ಜರಡಿ ಹಿಡಿಯುವ ಖಾತೂನಬಿ ಎಲ್ಲರಿಗಿಂತ ಮುಂದೆ.

“ಹಾಲವ್ವಕ್ಕಾ, ನಿನಗೆ ಬುದ್ಧಿ ಐತಾ? ಅವನು ದೇವರನ್ನ ನಂಬಿಬಿಟ್ರೆ ನಮ್ಮ ಗತಿ ಏನು?”

“ಒಂದು ದಿನ ನೀರಿಲ್ದಿದ್ರೆ ಸಾಯ್ತೀರಾ? ಇವತ್ತೇ ಎರಡು ಕೊಡ ಜಾಸ್ತಿ ತುಂಬಿಟ್ಕೊಳ್ರಿ.”

“ಒಂದು ದಿನಕ್ಕೆ ನಿಲ್ತೈತೇನಕ್ಕ ಅದು? ಅಡಿಕೆ ಚಟ ಇದ್ದಂಗೆ. ಒಂದು ಸಲ ರುಚಿ ಹತ್ತಿದ್ರೆ ಬಿಡಂಗಿಲ್ಲ. ನನ್ನೇ ನೋಡು, ಐದು ಹೊತ್ತು.”

“ನಿನ್ನ ಮಗ ಸ್ವರ್ಗಕ್ಕೆ ಹೋಗ್ಬೇಕು, ನನ್ನ ಮಗ ಹಂದಿ ಬಾಯಿಗೆ ಹೋಗ್ಬೇಕು, ಅಲ್ಲೇನೇ ಖಾತೂನು?”

ಖಾತೂನಬಿ ಹೊಸ್ತಿಲ ಮೇಲೆ ಕೂತುಬಿಟ್ಟಳು.

ನಾನು ಆವತ್ತು ಮಾಡಿದ ಕೆಲಸ ಹೇಳಲು ನಾಚಿಕೆಯಾಗುತ್ತದೆ. ಪ್ರಾರ್ಥನೆ ಕಲಿಯಲು ಹೋದೆ. ಯಾವುದೇ ಕಸುಬನ್ನು ಕಸುಬುದಾರರ ಹತ್ತಿರ ಕಲಿಯಬೇಕು ಅಂತ ನನ್ನ ತಿಳುವಳಿಕೆ. ಗುಡಿಯ ಮುಂದೆ ನಿಂತು “ಶರಬಣ್ಣನವರೇ, ಸ್ವಲ್ಪ ಹೇಳಿಕೊಡ್ರಿ, ಎಲ್ಲಿಂದ ಶುರು ಮಾಡಬೇಕು?” ಅಂದೆ. ಅವರು ಒಳಗಿನಿಂದ ಅಗಳಿ ಹಾಕಿಕೊಂಡು, ಕಿಂಡಿಯಲ್ಲಿ ಬಾಯಿಟ್ಟು, “ನಿಮ್ಮ ಕಾಲು ಹಿಡ್ಕೋತೀನಿ, ಇಲ್ಲಿಂದ ಹೋಗ್ರಿ ಒಲ್ಲಪ್ಪನೋರೆ. ದೇವರು ನೋಡಿಬಿಟ್ಟಾನು!” ಅಂದರು. ಮೌಲ್ವಿ ಸಾಹೇಬರು ನನ್ನನ್ನು ನೋಡಿದವರೇ ಸೈಕಲ್ ತಿರುಗಿಸಿಕೊಂಡು ಹೋದರು. ಫಾದರ್ ಇನಾಸಪ್ಪ ಒಬ್ಬರೇ ಒಳಗೆ ಕೂರಿಸಿ ಚಹಾ ಕೊಟ್ಟರು. ನನ್ನ ಕಷ್ಟ ಪೂರ್ತಿ ಕೇಳಿ, “ಮಗನೇ, ನಿನ್ನ ಆತ್ಮಕ್ಕಾಗಿ ನಾನು ದಿನಾ ಪ್ರಾರ್ಥಿಸ್ತೀನಿ,” ಅಂದರು.

“ಏನಂತ?”

“ಹೀಗೇ ಇರಲಿ ಅಂತ.”

ಮಧ್ಯಾಹ್ನದ ಹೊತ್ತಿಗೆ ಕಮಿಟಿಯೇ ನಮ್ಮ ಮನೆ ಕಟ್ಟೆಗೆ ಬಂತು. ನನ್ನ ನಾಸ್ತಿಕತನ ಸಡಿಲವಾಗಿದೆ, ಬಿಗಿ ಮಾಡಬೇಕು ಅಂತ ಅವರ ತೀರ್ಮಾನ. ಮೂವರೂ ಸರದಿಯಲ್ಲಿ ಕೂತು ನನಗೆ ದೇವರಿಲ್ಲ ಅಂತ ಬೋಧನೆ ಮಾಡತೊಡಗಿದರು.

“ಭೂಕಂಪ ನೋಡ್ರಿ,” ಅಂದರು ಮೌಲ್ವಿ ಸಾಹೇಬರು. “ಮಲಗಿದ್ದ ಮಕ್ಕಳ ಮೇಲೆ ಮಾಡು ಬೀಳ್ತದೆ. ಆ ಮಕ್ಕಳು ಏನು ತಪ್ಪು ಮಾಡಿದ್ವು?”

“ಅದನ್ನ ನಾನು ಹೇಳಬೇಕು ಅಂತಿದ್ದೆ,” ಅಂದರು ಫಾದರ್ ಬೇಸರದಿಂದ. “ಇರಲಿ. ಒಳ್ಳೆಯವನು ಅಂದ್ರೆ ಶಕ್ತಿ ಇಲ್ಲ, ಶಕ್ತಿ ಇದೆ ಅಂದ್ರೆ ಒಳ್ಳೆಯವನಲ್ಲ. ಇದಕ್ಕೆ ಉತ್ತರ ಹುಡುಕಿ ಸೆಮಿನರಿಯಲ್ಲಿ ನಾನು ಎರಡು ವರ್ಷ ನಿದ್ದೆ ಮಾಡಿಲ್ಲ.”

“ಸಿಕ್ತಾ?” ಅಂದೆ.

“ಆಮೇಲೆ ನಿದ್ದೆ ಬಂತು.”

ಶರಬಣ್ಣನದು ಇನ್ನೂ ಸರಳ. “ಅಭಿಷೇಕದ ಹಾಲು ಎಲ್ಲಿ ಹೋಗ್ತೈತಿ ಗೊತ್ತಾ? ಮೋರಿಗೆ. ನಾನೇ ನೋಡೀನಿ. ಮೂವತ್ತು ವರ್ಷ ಆ ಮೂರ್ತಿ ತೊಳೆದೀನಿ, ಒಂದು ದಿನಾನೂ ಬೆನ್ನು ತಿರುಗಿಸಿ ಕೊಡಲಿಲ್ಲ.”

ಲೈಬ್ರರಿಯ ಪುಸ್ತಕಗಳಲ್ಲಿ ಇಷ್ಟು ಸೊಗಸಾಗಿ ಬರೆದಿರಲಿಲ್ಲ. ಈ ಮೂವರ ಹತ್ತಿರ ಇಷ್ಟೆಲ್ಲ ಸಾಮಾನಿದ್ದೂ, ಸಂಜೆ ಆರಕ್ಕೆ ಕಣ್ಣು ಮುಚ್ಚಿದರೆ ಮನಸಾರೆ ಪ್ರಾರ್ಥಿಸುತ್ತಾರಲ್ಲ, ಅದು ನನಗೆ ಬಾವಿಗಿಂತ ದೊಡ್ಡ ಪವಾಡ ಅನ್ನಿಸಿತು. ಒಳಗಿನಿಂದ ಅವ್ವ ಕೂಗಿದಳು:

“ಲೇ ಶರಬಣ್ಣ! ನನ್ನ ಮಗನಿಗೆ ನೀನು ದೇವರಿಲ್ಲ ಅಂತ ಹೇಳ್ಕೊಡ್ತೀಯಾ? ನಿನ್ನ ನಾಲಿಗೆಗೆ ಹುಳ ಬೀಳ! ಇವನೊಬ್ಬ ನಂಬಂಗಿಲ್ಲ ಅಂತ ಬಾಯಿಬಿಟ್ಟು ಹೇಳ್ತಾನ. ನೀವು?”

ಕಮಿಟಿ ಎದ್ದು ಹೋಯಿತು. ನಾನು ಕಟ್ಟೆಯ ಮೇಲೇ ಕೂತೆ. ಏಳು ವರ್ಷದಲ್ಲಿ ಮೊದಲ ಸಲ ನನಗೆ ಹೊಳೆದದ್ದು ಇದು. ಇಡೀ ಊರು ನನ್ನ ಅವಿಶ್ವಾಸವನ್ನು ನಲ್ಲಿಯ ಹಾಗೆ ತಿರುಗಿಸಿಕೊಳ್ಳುತ್ತದೆ, ಅದರಿಂದ ನನಗೆ ಏನಾಗುತ್ತದೆ ಅಂತ ಯಾರಿಗೂ ಚಿಂತೆಯಿಲ್ಲ. ನಾನು ದೇವರನ್ನು ನಂಬುವುದಿಲ್ಲ ಅನ್ನುವುದನ್ನು ನಿಜವೆಂದು ತಿಳಿದು, ಅದಕ್ಕೆ ಹೆದರಿ, ಊಟ ಬಿಟ್ಟವಳು ಇವಳೊಬ್ಬಳೇ. ಅವಳ ನರಕ ನನಗೆ ಬರೀ ಕಟ್ಟುಕತೆ. ಆದರೆ ಆ ಕಟ್ಟುಕತೆಯಲ್ಲಿ ಅವಳು ನಿಜವಾಗಿ ಬೇಯುತ್ತಿದ್ದಳು.

ಬುಧವಾರವೂ ನೀರು ಬಂತು. ಗುರುವಾರವೂ ಬಂತು. ಎರಡು ಸಂಜೆಯೂ ನಾನು ಅವಳ ಎದುರು ಕೂತು ಪ್ರಯತ್ನಪಟ್ಟೆ, ಎರಡು ಸಲವೂ ‘ಸುಳ್ಳ’ ಅನ್ನಿಸಿಕೊಂಡೆ.

ಶುಕ್ರವಾರ ಅವಳು ಎದ್ದು ಕೂರಲಿಲ್ಲ. ತುಟಿ ಸಿಪ್ಪೆ ಎದ್ದಿತ್ತು. ಗಂಜಿ ಮಾಡಿ ಬಾಯಿಗೆ ಹಿಡಿದರೆ ಹಲ್ಲು ಕಚ್ಚಿದಳು. ಡಾಕ್ಟರು ಬಂದು ನೋಡಿ, ನಾನು ಮೊದಲೇ ಹೇಳಿದ್ದೆ ಅಂತ ಮತ್ತೊಮ್ಮೆ ಹೇಳಿ ಹೋದರು. ಸಂಜೆ ಗಂಟೆ, ಬಾಂಗು, ಗಂಟೆ. ಖಾತೂನಬಿ ಹಿತ್ತಲಲ್ಲಿ ಚಾಪೆ ಹಾಸಿದಳು. ಓಣಿ ಸ್ತಬ್ಧವಾಯಿತು. ನಾನು ಅವ್ವನ ಚಾಪೆಯ ಪಕ್ಕ ಕೂತು ಕಣ್ಣು ಮುಚ್ಚಿದೆ. ಈ ಸಲ ಹೆಸರುಗಳನ್ನು ಹೇಳಲಿಲ್ಲ. ಏನೂ ಹೇಳಬಾರದು, ಸುಮ್ಮನಿದ್ದುಬಿಡೋಣ ಅಂತಿದ್ದೆ. ಅವಳ ಉಸಿರು ಸಣ್ಣಗೆ ಸುಯ್ಯುತ್ತಿರುವುದು ಕೇಳುತ್ತಿತ್ತು. ‘ಇವಳು ಒಂದು ತುತ್ತು ತಿನ್ನಲಿ’ ಅಂದೆ ಒಳಗೆ. ‘ಯಾರಾದರೂ ಇದ್ದರೆ ಕೇಳಿಸ್ಕೊಳ್ಳಿ, ಇವಳು ಒಂದು ತುತ್ತು ತಿನ್ನಲಿ.’

ನನ್ನೊಳಗೆ ಯಾವ ದೀಪವೂ ಹೊತ್ತಲಿಲ್ಲ. ಕೆಟ್ಟು ನಿಂತ ಬಸ್ಸನ್ನು ತಳ್ಳುವವನು ‘ಹೊರಡೋ ಮಾರಾಯಾ’ ಅಂತ ಬಸ್ಸಿಗೆ ಹೇಳುತ್ತಾನಲ್ಲ, ಬಸ್ಸಿಗೆ ಕಿವಿಯಿದೆ ಅಂತಲ್ಲ, ಆದರೂ ಆ ಕ್ಷಣ ಬಸ್ಸಿಗೇ ಹೇಳುತ್ತಾನೆ. ಹಾಗೆ ಹೇಳಿದೆ. ಹೇಳಿದ್ದು ಮಾತ್ರ ಮನಸಾರೆ. ಎಷ್ಟು ಸಲ ಹೇಳಿದೆನೋ ಗೊತ್ತಿಲ್ಲ. ಕಾಲು ಗಂಟೆ ಹೋದದ್ದೂ ಗೊತ್ತಾಗಲಿಲ್ಲ.

ಓಣಿಯಲ್ಲಿ ಕೊಡಗಳು ಸದ್ದು ಮಾಡಿದವು.

“ಸುಳ್ಳ,” ಅಂದಳು ಅವ್ವ. ದನಿ ಇರಲಿಲ್ಲ, ತುಟಿ ಮಾತ್ರ ಆಡಿತು.

ನನಗೆ ಉರಿದುಹೋಯಿತು. “ಸುಳ್ಳಲ್ಲ! ನಿನ್ನಾಣೆ, ಈ ಸಲ ಸುಳ್ಳಲ್ಲ. ಹಾಳಾದ ಬಾವಿ ಏನು ಬೇಕಾದರೂ ಹೇಳಲಿ, ನಾನು ಕೇಳ್ಕೊಂಡೆ!”

“ಮತ್ತೆ ನೀರು?”

ಮತ್ತೆ ನೀರು? ಊರೆಲ್ಲ ಪ್ರಾರ್ಥಿಸಿತ್ತು. ನಾನೂ ಪ್ರಾರ್ಥಿಸಿದ್ದೆ. ನೀರು ಬಂದಿತ್ತು ಅಂದರೆ ಊರಿನಲ್ಲಿ ಇನ್ನೊಬ್ಬರು ಯಾರೋ ಸುಮ್ಮನಿದ್ದರು. ಹಿತ್ತಲಿಗೆ ಇಣುಕಿದೆ. ಖಾತೂನಬಿಯ ಹಣೆ ಇನ್ನೂ ಚಾಪೆಯ ಮೇಲಿತ್ತು. ತಿರುಗಿ ಅವ್ವನನ್ನು ನೋಡಿದೆ. ಅವಳು ಕಣ್ಣು ಪಿಳುಕಿಸದೆ ನನ್ನನ್ನೇ ನೋಡುತ್ತಿದ್ದಳು, ಏನನ್ನೋ ಕಾಯುತ್ತಿರುವವಳ ಹಾಗೆ.

“ಅವ್ವ, ನೀನು ಈಗ ಏನು ಮಾಡ್ತಿದ್ದೆ?”

“ಏನು ಮಾಡ್ತಿದ್ದೆ? ನಿನ್ನ ಮುಖ ನೋಡ್ತಿದ್ದೆ. ಖರೇ ಕೇಳ್ಕೋತಾನೋ ಇಲ್ಲೋ ಅಂತ.”

“ಅಷ್ಟು ಹೊತ್ತೂ?”

“ಹ್ಞೂಂ.”

“ಪ್ರಾರ್ಥನೆ ಮಾಡಿದೆಯಾ?”

ಯಾವುದೋ ಸಾಮಾನು ಎಲ್ಲಿಟ್ಟೆ ಅಂತ ಹುಡುಕುವವಳ ಹಾಗೆ ಮಾಡಿನ ಕಡೆ ನೋಡಿದಳು.

“ಇಲ್ಲ,” ಅಂದಳು ಕೊನೆಗೆ. “ನೆನಪಾಗಲಿಲ್ಲ.”

“ನಿನ್ನೆ? ಮೊನ್ನೆ?”

“ಮೊನ್ನೆನೂ ನಿನ್ನ ಮುಖನೇ ನೋಡ್ತಿದ್ದೆ. ಅಯ್ಯೋ, ನಾಲ್ಕು ದಿನ!” ಹೊದಿಕೆಯಿಂದ ಮುಖ ಮುಚ್ಚಿಕೊಂಡಳು. “ಅರವತ್ತು ವರ್ಷದಾಗ ಒಂದು ಹೊತ್ತು ತಪ್ಪಿಸಿದವಳಲ್ಲ ನಾನು. ಹೆರುವಾಗ್ಲೂ ತಪ್ಪಿಸಿಲ್ಲ.”

“ಹೆರುವಾಗ ನನ್ನ ಮುಖ ಕಂಡಿರಲಿಲ್ಲ.”

“ಬಾಯಿ ಮುಚ್ಚೋ.”

ಹೊದಿಕೆ ಅಲುಗುತ್ತಿತ್ತು. ಅಳುತ್ತಿದ್ದಾಳೆ ಅಂತ ಸರಿಸಿ ನೋಡಿದರೆ ನಗುತ್ತಿದ್ದಳು. ನಕ್ಕು ನಕ್ಕು ಕೆಮ್ಮು ಬಂತು.

“ಹಂಗಾದ್ರೆ ನಿಂದು ಖರೇ ಏನು?” ಅಂದಳು.

“ಖರೇ.”

“ಏನಂತ ಕೇಳ್ಕೊಂಡಿ?”

“ಇವಳು ಒಂದು ತುತ್ತು ತಿನ್ನಲಿ ಅಂತ.”

“ಯಾರನ್ನ?”

“ಗೊತ್ತಿಲ್ಲ.”

ಯೋಚಿಸಿದಳು. “ಸಾಕಾಗಂಗಿಲ್ಲ. ಸಾಕ್ಷಿ ಇಲ್ಲ. ನಾಳೆ ಇನ್ನೊಂದು ಸಲ ಕೇಳ್ಕೋ. ನಾನು ಕಣ್ಣು ಮುಚ್ಚಿ ನನ್ನ ಪಾಲಿಂದು ನೆಟ್ಟಗೆ ಮಾಡ್ತೀನಿ. ನೀರು ನಿಲ್ಲಬೇಕು.”

“ನೆಟ್ಟಗೆ ಮಾಡಲಿಕ್ಕೆ ಕೂರೋ ಶಕ್ತಿ ಬೇಕಲ್ಲ?”

“ಅದಕ್ಕೇ ಹೇಳ್ತಿರೋದು. ಗಂಜಿ ತಾ.”

ಎರಡು ಬಟ್ಟಲು ಕುಡಿದಳು. ಮಾರನೇ ದಿನ ಬೆಳಿಗ್ಗೆ ಅನ್ನ ಸಾರು, ಮಧ್ಯಾಹ್ನ ರೊಟ್ಟಿ, ಸಂಜೆಯ ಹೊತ್ತಿಗೆ ಖಾತೂನಬಿಗೆ ಬೈಯುವಷ್ಟು ಚೇತರಿಕೆ. ಆರಕ್ಕೆ ಗಂಟೆ ಬಾರಿಸಿದಾಗ ಗೋಡೆಗೊರಗಿ ಕೂತು, ಕಣ್ಣು ಗಟ್ಟಿಯಾಗಿ ಮುಚ್ಚಿ, “ಹ್ಞೂಂ, ಶುರು ಮಾಡು” ಅಂದು ತನ್ನ ಪಾಡಿಗೆ ತಾನು ಪ್ರಾರ್ಥನೆಗೆ ತೊಡಗಿದಳು. ನಾನೂ ಕಣ್ಣು ಮುಚ್ಚಿದೆ. ತಡಕಾಡಿದೆ. ನಿನ್ನೆಯ ಜಾಗದಲ್ಲಿ ಏನೂ ಇರಲಿಲ್ಲ. ಅವಳ ಉಸಿರು ಎತ್ತಿನ ಉಸಿರಿನಷ್ಟು ಗಟ್ಟಿಯಾಗಿತ್ತು. ಕಣ್ಣು ಬಿಟ್ಟು ಗೋಡೆಯ ಮೇಲಿನ ಹಲ್ಲಿ ನೋಡುತ್ತ ಕೂತೆ.

ಕೊಡಗಳ ಸದ್ದಿಗೆ ಅವಳೂ ಕಣ್ಣು ಬಿಟ್ಟಳು.

“ಇವತ್ತು ಏನಾಯ್ತೋ?”

“ಬರಲಿಲ್ಲ. ಏನಂತ ಕೇಳ್ಲಿ? ನೀನು ಉಂಡು ಕೂತೀಯ.”

“ಮತ್ತೆ ಉಪವಾಸ ಕೂರ್ಲಾ?”

“ಕೂರು. ಕೂತರೆ ಕೇಳ್ಕೋತೀನಿ. ನಾನು ಕೇಳ್ಕೊಂಡರೆ ನೀನು ಕಣ್ಣು ಬಿಟ್ಟು ನೋಡ್ತೀಯ.”

ಅವಳು ನನ್ನನ್ನು ದಿಟ್ಟಿಸಿದಳು. ಲೆಕ್ಕ ಎಲ್ಲಿ ಕೂಡಿತು, ಎಲ್ಲಿ ಕೂಡಲಿಲ್ಲ ಅಂತ ತೂಗುತ್ತಿದ್ದಳೋ ಏನೋ. “ಪುಸ್ತಕ ಓದಿ ಹಾಳಾದೆ ನೀನು,” ಅಂದಳು.

ಅಷ್ಟರಲ್ಲಿ ಬಾವಿ ಕಮಿಟಿ ಬಾಗಿಲಿಗೆ ಬಂತು. ಶರಬಣ್ಣನ ಕೈಯಲ್ಲಿ ಶಾಲು, ಫಾದರ್ ಕೈಯಲ್ಲಿ ಹಾರ. ಮೌಲ್ವಿ ಸಾಹೇಬರು ಒಂದು ಡಜನ್ ಬಾಳೆಹಣ್ಣು ಹಿಡಿದಿದ್ದರು. ತಾಯಿ ಸಾಯುತ್ತಿದ್ದರೂ ಕದಲದ ಒಲ್ಲಪ್ಪ, ಬಂಡೆಯಂಥ ಅವಿಶ್ವಾಸ, ಇಂಥವರನ್ನು ಪಡೆದ ಊರೇ ಧನ್ಯ ಅಂತ ಶರಬಣ್ಣ ಮಾತಾಡಿದರು. ನಾನು ಬಾಯಿ ತೆರೆಯಲು ಹೋದೆ. ಅವ್ವ ಹೊದಿಕೆಯ ಕೆಳಗಿನಿಂದ ನನ್ನ ಕಾಲು ಚಿವುಟಿದಳು. ನಾನು ಒಮ್ಮೆ ಕದಲಿದ್ದು ಗೊತ್ತಾದರೆ ನನ್ನ ಹುದ್ದೆ ಹೋಗುತ್ತದೆ ಅಂತಲೋ, ತಾನು ನಾಲ್ಕು ಸಂಜೆ ದೇವರನ್ನು ಮರೆತದ್ದು ಗೊತ್ತಾದರೆ ತನ್ನನ್ನೇ ಮೆಟ್ಟಿಲ ಮೇಲೆ ಕೂರಿಸುತ್ತಾರೆ ಅಂತಲೋ, ನಾನು ಕೇಳಲಿಲ್ಲ.

ಶರಬಣ್ಣ ಅವಳ ಕಡೆ ತಿರುಗಿ ಕೈಮುಗಿದರು. “ತಾಯೀ, ಕೊನೆಗೂ ಹಟ ಬಿಟ್ಟು ಊರು ಉಳಿಸಿದಿ. ದೇವರೇ ನಿನಗೆ ಬುದ್ಧಿ ಕೊಟ್ಟಿರಬೇಕು. ಕನಸಿನಾಗ ಬಂದಿದ್ನಾ? ಏನಂದ?”

ಅವ್ವ ಮೌಲ್ವಿ ಸಾಹೇಬರ ಕೈಯಿಂದ ಒಂದು ಬಾಳೆಹಣ್ಣು ಕಿತ್ತುಕೊಂಡು ಸುಲಿದಳು.

“ಹಸಿವಾಗಿತ್ತು,” ಅಂದಳು. “ಉಂಡೆ.”